ಮೂರಕ್ಕೂ ನಾಲ್ಕಕ್ಕೂ ನಡುವೆ

ನೂರಾ ಹನ್ನೆರಡು ಫಾರಂ ಎಣಿಸಿ ಕೊಟ್ಟೆ.
ಗೈಡು ಒಂದನ್ನು ಎಳೆದು ಬದಿಗಿಟ್ಟರು:
‘ಹದಿನೇಳನೇ ಪ್ರಶ್ನೆ ನೋಡಮ್ಮ. ಟಿಕ್ಕು
ಮೂರರಲ್ಲೂ ಇಲ್ಲ, ನಾಲ್ಕರಲ್ಲೂ ಇಲ್ಲ. ತೆಗೆದುಬಿಡು.’

ಒಟ್ಟಾರೆ ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ತಂದಿದೆ?
ಒಂದರಿಂದ ಐದರೊಳಗೆ.

ಹೆಸರು ಬರೆಯಬಾರದೆಂದು ನಾನೇ ಅಚ್ಚು ಹಾಕಿಸಿದ್ದೆ.
ಆದರೂ ಚಿಕ್ಕ ಅಳುವಾರದ ಇಡೀ ಹಾಸ್ಟೆಲಿನಲ್ಲಿ
ಹಸಿರು ಶಾಯಿಯವಳು ಒಬ್ಬಳೇ,
ನನ್ನ ಪಕ್ಕದ ಮಂಚದ ಜುವೈರಿಯ.

‘ಪಾತ್ರ ಒತ್ತಡ’ ಎಂಬ ನನ್ನ ಪ್ರಬಂಧದ ಹೆಸರಿಗೆ ನಕ್ಕಿದ್ದಳು:
‘ನೆಲ್ಯಹುದಿಕೇರಿಯಲ್ಲಿ ಪಾತ್ರ ಅಂದರೆ ಹೊಳೆಯದ್ದು ಕಣೇ.
ಅದು ತುಂಬಿದರೆ ನಾವು ಶಾಲೆಯಲ್ಲಿ ಮಲಗಬೇಕು.’

ಅಪ್ಪ ಒಂಟಿ ಬಿದಿರಿನ ಏಣಿಯಿಂದ
ಕರಿಮೆಣಸಿನ ಚೀಲದ ಸಮೇತ ಜಾರಿದ ಮೇಲೆ
ಸ್ಕ್ಯಾನಿಂಗ್ ಕಾಗದ ಓದಿ ಹೇಳುವವಳು ಅವಳು,
ತಮ್ಮನ ಡಿಪ್ಲೊಮಾ ಫೀಸೂ ಅವಳೇ,
ಶನಿವಾರ ಭಾನುವಾರ ಚೆಟ್ಟಳ್ಳಿಯ ಹೋಂಸ್ಟೇಯಲ್ಲಿ
ಒಂಬತ್ತು ಮಂಚದ ಹಾಸು ಬದಲಿಸಿ
ನೋಡಲು ಬಂದ ಗಂಡಿನವರಿಗೆ ಫೋನಿನಲ್ಲೇ
‘ಪರೀಕ್ಷೆ ಮುಗಿಯಲಿ’ ಅನ್ನುವವಳು.
ಸೋಮವಾರ ಹಾಜರಿ ಪಟ್ಟಿ ಅವಳ ಕೈಯಲ್ಲಿ.
ಕ್ಲಾಸ್ ಲೀಡರ್ ಆಗಲು ಯಾಕೆ ಒಪ್ಪಿಕೊಂಡೆ ಅಂದರೆ
‘ಎಲ್ಲರೂ ನನ್ನ ಕಡೆ ನೋಡಿದರು.’

ಶುಕ್ರವಾರ ಸಂಜೆ, ಕುಶಾಲನಗರ, ಸಿದ್ದಾಪುರದ ಬಸ್ಸು.
ಕಿಟಕಿಯಿಂದ ಕರ್ಚೀಫು ಎಸೆದು ನನಗೂ ಸೀಟು ಹಿಡಿದಳು.
ಹಲಸಿನಹಣ್ಣು ಹೊತ್ತ ಅಜ್ಜಿಯೊಬ್ಬಳು ಹತ್ತಿದಳೋ ಇಲ್ಲವೋ
‘ಸ್ವಲ್ಪ ಸರಿ’ ಅಂದಳು ನನಗೆ.
ಇಬ್ಬರ ಸೀಟಲ್ಲಿ ಮೂವರು,
ಹಣ್ಣು ನನ್ನ ಮಡಿಲಲ್ಲಿ.

ನಂಜರಾಯಪಟ್ಟಣ ದಾಟಿ ಬಸ್ಸು ನಿಂತಿತು.
ರಸ್ತೆಯಲ್ಲಿ ಆನೆ. ಡ್ರೈವರು ಲೈಟು ಆರಿಸಿದ.
ಮಗುವೊಂದು ಕೂಡ ಅಳು ನುಂಗಿಕೊಂಡ ಆ ಕತ್ತಲಲ್ಲಿ
ಅವಳ ಕಿವಿಗೆ ಬಾಯಿಟ್ಟು ಕೇಳಿದೆ:
‘ಹದಿನೇಳಕ್ಕೆ ಯಾಕೆ ಹಾಗೆ ಮಾಡಿದೆ?’

‘ಮೂರಕ್ಕೇ ಹಾಕುತ್ತಿದ್ದೆ. ಅಷ್ಟರಲ್ಲಿ ನೀನು
ಕಟ್ಟನ್ ಚಾಯ ತಂದು ಇಟ್ಟೆಯಲ್ಲ,
ಕೈ ಸರಿಯಿತು.’

‘ನಾಲ್ಕರವರೆಗೂ ಹೋಗಬಹುದಿತ್ತು.’

‘ಸಕ್ಕರೆ ಕಮ್ಮಿ ಇತ್ತು.’

ನಗು ತಡೆಯಲು ಹಲಸಿನ ಮುಳ್ಳಿಗೆ ಅಂಗೈ ಒತ್ತಿದೆ.
ಅಜ್ಜಿ ಇಬ್ಬರನ್ನೂ ಗದರಿದಳು, ಶ್!
ಮುಂದೆ ಆನೆ, ಬೇಲಿಯಾಚೆ ಉಳಿದ ಮರಿಗಾಗಿ
ಯಾವ ಅವಸರವೂ ಇಲ್ಲದೆ ಕಾಯುತ್ತಿತ್ತು.

ಆ ಫಾರಂ ನನ್ನ ಚೀಲದಲ್ಲೇ ಇದೆ.
ಸೋಮವಾರ ನೂರಾ ಹನ್ನೊಂದು ಎಂದು ಬರೆಯಬೇಕು.
ಬರೆಯುತ್ತೇನೋ ಇಲ್ಲವೋ.
ನನ್ನನ್ನು ಯಾರೂ ಹದಿನೇಳನೇ ಪ್ರಶ್ನೆ ಕೇಳಿಲ್ಲ,
ನಾನೂ ಕೇಳಿಕೊಂಡಿಲ್ಲ.

ವಾಲ್ನೂರಿನಲ್ಲಿ ಅರ್ಧ ಬಸ್ಸು ಖಾಲಿಯಾಯಿತು.
ಎದುರಿನ ಸೀಟೂ ಖಾಲಿ.
ನನ್ನ ಕಾಲು ಜೋಮು ಹಿಡಿದಿತ್ತು.
ಮೂವರಲ್ಲಿ ಯಾರೂ ಏಳಲಿಲ್ಲ.