ಆಚೆ ದಡ

ಸೇತುವೆ ಎಷ್ಟು ಉದ್ದ ಎಂದು ಯಾರಾದರೂ ಕೇಳಿದರೆ
ಮೊದಲೆಲ್ಲ ಹೇಳುತ್ತಿದ್ದೆ:
ಬ್ಯಾಟರಿ ಕುರ್ಚಿಯಲ್ಲಿ ಹನ್ನೊಂದು ನಿಮಿಷ,
ಎದುರುಗಾಳಿಯಿದ್ದರೆ ಹದಿನಾರು.
ಈಗ ಹೇಳುತ್ತೇನೆ:
ವಾರಕ್ಕೆ ಅರವತ್ತೆರಡು ಪೌಂಡು.

ಗೇಟ್ಸ್‌ಹೆಡ್‌ನ ನಾಲ್ಕನೇ ಮಹಡಿಯಲ್ಲಿ ಒಂಬತ್ತು ವರ್ಷ.
ಲಿಫ್ಟು ಕೆಟ್ಟ ದಿನ ದಿನವಿಡೀ ಕಿಟಕಿ,
ಕೆಟ್ಟ ವಾರ ವಾರವಿಡೀ.
ಒಮ್ಮೆ ಆಸ್ಪತ್ರೆಗೆಂದು ನನ್ನನ್ನು ಇಳಿಸಲು
ಅಗ್ನಿಶಾಮಕದವರು ಬಂದರು.
ಅವರಲ್ಲೊಬ್ಬ, ಕೆಂಚುಮೀಸೆಯವ,
ಮೆಟ್ಟಿಲಿಗೊಂದು ಏದುಸಿರು ಬಿಡುತ್ತ
"ನಿಮಗೆ ನೆಲದ ಮನೆ ಬೇಕು ತಾಯೀ" ಎಂದ.
ಅವನೇ ಮೊದಲು ಹೇಳಿದವನೇನಲ್ಲ,
ಬೆವರು ಸುರಿಸಿ ಹೇಳಿದವರಲ್ಲಿ ಮೊದಲಿಗ.

ಬರೆದೆ, ಬೇಡಿದೆ, ಕಾದೆ, ಸಿಕ್ಕಿತು.
ಟೈನ್ ನದಿಯಾಚೆ, ವಾಕರ್‌ನಲ್ಲಿ,
ನೆಲಕ್ಕೆ ಮೈ ಅಂಟಿಸಿ ಕೂತ ಮನೆ.
ಹೊಸ್ತಿಲೇ ಇಲ್ಲ!
ಬಾಗಿಲಾಚೆ ರಸ್ತೆ, ರಸ್ತೆಯಾಚೆ ಹುಲ್ಲು.
ಮೊದಲ ಸಂಜೆ ಎಂಟು ಸಲ ಹೊರಗೆ ಹೋಗಿಬಂದೆ,
ಏನೊಂದೂ ಕೆಲಸವಿಲ್ಲದೆ.

ಕಾಗದ ಹಳೆಯ ವಿಳಾಸ ಮುಟ್ಟಿ, ತಿರುಗಿ, ಬಂತು.
ಕೌನ್ಸಿಲು ಬದಲಾದ್ದರಿಂದ ಹಳೆಯ ಭತ್ಯೆ ಮುಗಿಯಿತು;
ಹೊಸದಾಗಿ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ;
ಅದು ಕೈಸೇರಲು ಐದು ವಾರ;
ಅಲ್ಲಿವರೆಗೆ ಬೇಕಿದ್ದರೆ ಸಾಲ;
ಸಾಲವನ್ನು ತಿಂಗಳು ತಿಂಗಳು ಮುರಿದುಕೊಳ್ಳಲಾಗುವುದು.
ಮತ್ತೆ, ಒಂಟಿಯಾಗಿರುವ ತೀವ್ರ ಅಂಗವಿಕಲರಿಗೆಂದು
ಹಳೆಯದರಲ್ಲಿದ್ದ ಹೆಚ್ಚಿನ ಮೊತ್ತ ಹೊಸದರಲ್ಲಿಲ್ಲ.
ಅದಕ್ಕೆ ಸಿಕ್ಕಿದ್ದು ಒಂದು ಸಾಲು,
ಮಡಿಕೆಯ ಮೇಲೆ.

ಫೋನಿನಲ್ಲಿ ಹುಡುಗಿ. ಎಳೆಯ ದನಿ, ನೆಗಡಿ.
"ನಿಮ್ಮ ಪರಿಸ್ಥಿತಿ ಬದಲಾಗಿದೆ ಮಿಸ್ ಆರ್ಕ್‌ಲೆಸ್."
ಬೆನ್ನೆಲುಬು ಅದೇ, ಎಂದೆ.
"ಹೌದು."
ಒಂಟಿತನವೂ ಅದೇ. ಸಾಮಾನಿನ ಜೊತೆ ಅದನ್ನೂ
ಲಾರಿಯವನು ಇಳಿಸಿಹೋದ, ಬಾಡಿಗೆ ಕೇಳದೆ.
"ಹೌದು."
ಮತ್ತೇನಮ್ಮ ಬದಲಾದದ್ದು?
ಕೀಲಿಮಣೆಯ ಟಕಟಕ. ಒಂದು ಸೀನು.
"ಪೋಸ್ಟ್‌ಕೋಡ್" ಎಂದಳು,
ತನಗೇ ನಾಚಿಕೆಯಾದವಳಂತೆ.

ಹೊಳೆ ದಾಟಿದ ಮೇಲೆ ಅಂಬಿಗನ ನೆನಪೇಕೆ ಎನ್ನುತ್ತಾರಲ್ಲ,
ಇಲ್ಲಿ ಅಂಬಿಗನೇ ನನ್ನನ್ನು ಮರೆಯುವುದಿಲ್ಲ.
ತಿಂಗಳ ಹದಿನಾಲ್ಕಕ್ಕೆ, ತಪ್ಪದೆ,
ಹುಟ್ಟು ಒರೆಸಿಕೊಂಡು ಬಂದು ನಿಲ್ಲುತ್ತಾನೆ.

ಸೇತುವೆಯ ಕಂಬಿಗಳ ಮೇಲೆ
ಕಿಟ್ಟಿವೇಕ್ ಹಕ್ಕಿಗಳ ಗೂಡು.
ಬೇಸಗೆಯೆಲ್ಲ ಕಿರುಚಾಟ, ಕೆಳಗೆ ನಡೆವವರ ತಲೆಗೆ ಹಿಕ್ಕೆ.
ಎರಡೂ ಕೌನ್ಸಿಲುಗಳ ತಲೆಗೆ, ಭೇದವಿಲ್ಲದೆ.

ಹಳೆಯ ಕಟ್ಟಡದಿಂದ ಮಿಸೆಸ್ ಒಡ್ಡಿ ಫೋನು ಮಾಡಿದ್ದರು:
"ಹೊಸ ಲಿಫ್ಟು ಹಾಕಿದಾರೆ ಕಣೇ, ಕನ್ನಡಿ ಇದೆ ಒಳಗೆ."
ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಆ ಅರವತ್ತೆರಡರಲ್ಲಿ ಏನಿತ್ತು?
ಚಳಿಗೆ ದಿನಕ್ಕೆರಡು ಗಂಟೆಯ ಬೆಚ್ಚಗೆ ಇತ್ತು.
ಮಂಗಳವಾರ, ಶುಕ್ರವಾರ ಇಮೆಲ್ಡಾ ಇದ್ದಳು.
ನನ್ನ ತೋಳು ಭುಜ ದಾಟಿ ಏಳದು;
ಸೊಂಟ ಮುಟ್ಟುವ ಕೂದಲನ್ನು ಅವಳೇ ತೊಳೆದು,
ಸಿಕ್ಕು ಬಿಡಿಸಿ, ಟವೆಲು ಸುತ್ತಿ,
ತನ್ನ ಮಗನ ಹುಡುಗಿಯರ ದೂರು ಹೇಳುತ್ತ ಟೀ ಕುಡಿಯುತ್ತಿದ್ದಳು.

ಇನ್ನು ಶುಕ್ರವಾರ ಮಾತ್ರ ಎಂದೆ.
"ದುಡ್ಡು ಯಾರು ಕೇಳಿದರು" ಎಂದಳು.
ಬೇಡ, ನಿನಗೂ ಬಾಡಿಗೆಯಿದೆ.
ಸಿಟ್ಟಾದಳು. ಲೋಟ ಕುಕ್ಕಿದಳು. ಹೋದಳು.
ಮುಂದಿನ ಶುಕ್ರವಾರ ಬರುವಾಗ
ಕೈಯಲ್ಲಿ ಕತ್ತರಿ.

ಕುರ್ಚಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ
ಕಿವಿಯ ಮಟ್ಟಕ್ಕೆ ಕತ್ತರಿಸಿದಳು.
ಇಬ್ಬರೂ ಮಾತಾಡಲಿಲ್ಲ.
ಗಾಳಿ ಒಂದಷ್ಟು ಕೂದಲನ್ನು ನದಿಯ ಕಡೆ ಒಯ್ದಿತು,
ಉಳಿದದ್ದನ್ನು ಅವಳು ಗುಡಿಸಿದಳು.
ಕತ್ತಿಗೆ ಚಳಿಯಾಯಿತು, ಹೊಸ ಚಳಿ.
"ಗಂಡುಬೀರಿ ಹಾಗೆ ಕಾಣ್ತೀಯ" ಎಂದಳು ಕೊನೆಗೆ,
ಮೂಗು ಒರೆಸಿಕೊಳ್ಳುತ್ತ.

ಮರುಪರಿಶೀಲನೆಗೆ ಬರೆದಿದ್ದೇನೆ. ಮೂರು ಪುಟ.
ಉತ್ತರ ಬಂದಿಲ್ಲ. ಬಂದರೆ ಬಂತು.
ಅವಳು ಹೋದಮೇಲೆ ಬಾಗಿಲು ತೆರೆದೇ ಇತ್ತು.
ಹೊರಗೆ ಹೋದೆ. ಒಳಗೆ ಬಂದೆ.
ಮತ್ತೆ ಹೋದೆ.
ಇದಕ್ಕಿನ್ನೂ ಯಾರೂ ಅರ್ಜಿ ಕೇಳಿಲ್ಲ.