ರುಚಿಗೆ ತಕ್ಕಷ್ಟು

ಕುಟೈಸಿಯ ಗೂಡ್ಸ್ ಯಾರ್ಡಿನಲ್ಲಿ
ಮೂವತ್ತು ವರ್ಷ ಲಾರಿಗಳನ್ನು ತೂಗಿದವನು ನೋದಾರ್.
ಒಂದು ಕಿಲೋ ಹೆಚ್ಚಿಲ್ಲ, ಒಂದು ಕಿಲೋ ಕಡಿಮೆಯಿಲ್ಲ.

ಲಮಾರಾಳ ನೋಟುಪುಸ್ತಕದಲ್ಲಿ ಮಾತ್ರ
ಹುಳಿ ಪ್ಲಮ್ಮಿನ ಗೊಜ್ಜಿಗೆ
ಉಪ್ಪು: ರುಚಿಗೆ ತಕ್ಕಷ್ಟು.

ಯಾರ ರುಚಿಗೆ, ಮಾರಾಯ್ತಿ?
ಇಷ್ಟು ವರ್ಷ ನಿನ್ನ ನಾಲಿಗೆಯೇ
ನಮ್ಮಿಬ್ಬರ ತಕ್ಕಡಿ.

ಮೊದಲ ಪಾತ್ರೆ ಸಮುದ್ರ. ಚೆಲ್ಲಿದ.
ಎರಡನೆಯದು ಸಪ್ಪೆ; ಎದುರುಮನೆಯ ತ್ಸಿಯಾಲಾ
ಚೆನ್ನಾಗಿದೆ ಅಂದಳು, ಅವನ ಮುಖ ನೋಡದೆ.

ಅಷ್ಟರಲ್ಲಿ ಮರದ ಕಾಯಿ ಬಣ್ಣಕ್ಕೆ ತಿರುಗಿತ್ತು.

ಮೂರನೆಯದಕ್ಕೆ
ಅವಳಿಗೆ ಸೇರದ ಕೆಂಪು ಮೆಣಸು
ಒಂದು,
ತಡೆದು, ಇನ್ನೊಂದು.
ಒಲೆಯ ಪಕ್ಕ ನಿಂತೇ ತಿಂದ,
ಬ್ರೆಡ್ಡು ಅದ್ದಿ ಅದ್ದಿ, ತಳ ಕಾಣುವವರೆಗೆ.

ಆಮೇಲೆ ಪೆನ್ಸಿಲ್ ಹೆರೆದು
ಅವಳ ಸಾಲಿನ ಕೆಳಗೆ, ಅಕ್ಷರ ತಾಗದಂತೆ
ಬರೆದ:
ಎರಡೂಕಾಲು ಚಮಚ.
ಮೆಣಸು ನನ್ನದು.