ತೇಲುಬುಡ್ಡಿ

ಸುಮಿತ್ರಾಬಾಯಿ ಕಟಗೇರಿ ಅವರ ಫಿಯಟ್,
ಎಂಬತ್ನಾಕರ ಮಾಡೆಲ್, ಬೂದಿಬಣ್ಣ,
ಎರಡು ಬ್ರೇಕು, ಎರಡು ಕ್ಲಚ್ಚು.
ಬಾಗಲಕೋಟಿಯ ಅರ್ಧ ಹೆಣ್ಣಮಕ್ಕಳು
ಗೇರು ಹಾಕೂದು ಕಲತದ್ದು ಅದರಾಗ.
ಅಂಥಾದ್ದು ಅನಗವಾಡಿ ಸೇತುವಿ ಮ್ಯಾಲ
ಒಂದ ವಾರದಾಗ ಮೂರು ಸರತಿ ನಿಂತಿತು.
ತಣ್ಣಗಿದ್ದಾಗ ಒಂದ ಸೆಲ್ಫಿಗೆ ಚಾಲೂ,
ಕಾದ ಮ್ಯಾಲ ಮುನಿಸು.
ಕರಿ ಹೊಗಿ. ಕಲಿಯಾಕ ಬಂದವರ ಸೀರಿಗೆಲ್ಲ ಪೆಟ್ರೋಲ ವಾಸನಿ.

ನವನಗರದಾಗ ಒಬ್ಬಾಂವ ಪ್ಲಗ್ಗು ಬದಲಿಸಿದ,
ಇನ್ನೊಬ್ಬಾಂವ ಕಾಯಿಲು, ಕಂಡೆನ್ಸರು.
ಮೂರನೇದಾಂವ "ಬಾಯಾರ, ಗುಜರಿಗೆ ಹಾಕ್ರಿ" ಅಂದ.
ಅವನ ಕೈ ಇನ್ನೂ ಒಳಗಿದ್ದಾಗನ ಬಾಯಾರು
ಬಾನೆಟ್ಟು ಮುಚ್ಚಾಕ ಹೋದರಂತ.
ಹಗ್ಗ ಕಟ್ಟಿಸಿ ಎಳಸಿಕೊಂಡು
ನಮ್ಮ ಶೆಡ್ಡಿಗೆ ಬಂದರು.

ಉಸ್ತಾದ ಮೀರಾಸಾಬ ನದಾಫಗ ಆಗಲೇ ಕಿವಿ ಮಂದ.
ನಲವತ್ತು ವರ್ಷ ಸೈಲೆನ್ಸರಿಲ್ಲದ ಇಂಜಿನ್ನುಗಳ ಸಂಗಾಟ
ಬಾಯಿಗೆ ಬಾಯಿ ಕೊಟ್ಟಾಂವ.
ಗಿರಾಕಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು.
ನನ್ನ ಕೆಲಸ ಸೀಮೆಣ್ಣಿ ಡಬ್ಬಿ ಹಿಡಿಯೂದು,
ಹದಿಮೂರರ ಪಾನಾ ಅಂದ್ರ ಹದಿಮೂರರದ್ದ ಕೊಡೂದು.

ಪ್ಲಗ್ಗು ಬಿಚ್ಚಿ ಬೆರಳಿಲೆ ಒರಸಿದ. ಕಾಡಿಗಿ.
"ಉಣ್ಣಾಕ ಕಮ್ಮಿ ಆಗಿಲ್ಲ ಇದಕ್ಕ, ಹೆಚ್ಚಾಗೈತಿ."
ಚೋಕಿನ ತಂತಿ ಎಳದ, ಬಿಟ್ಟ.
ಬಾಗಲಾ ಪೂರಾ ತೆರೀತು. ಹಂಗಾದ್ರ ಅದಲ್ಲ.
ಏರ್ ಫಿಲ್ಟರು ಎತ್ತಿ, ಗಂಟಲಾಗ ಬ್ಯಾಟರಿ ಬಿಟ್ಟು,
ನನ್ನ ಕುತಗಿ ಹಿಡಿದು ಬಗ್ಗಿಸಿದ.
"ತೊಟ್ಟಿಕ್ಕಾಕತ್ತೈತಿ, ಉಸ್ತಾದ.
ಯಾರೂ ಎಕ್ಸಲೇಟರ್ ಒತ್ತಿಲ್ಲ, ಸುಮ್ಮನ ತೊಟ್ಟಿಕ್ಕಾಕತ್ತೈತಿ."

ಐದು ಸ್ಕ್ರೂ. ಪ್ಯಾಕಿಂಗು ಹರೀದಂಗ ಚಾಕುವಿನ ಮೊನಿ.
ಜೆಟ್ಟುಗಳು ಹಳೇ ಪೇಪರಿನ ಮ್ಯಾಲ ಸಾಲಾಗಿ ಕೂತವು.
ನಾನು ತಂತಿ ತಗೊಂಡೆ. ಕೈ ಮ್ಯಾಲ ಫಟ್ ಅಂತ ಬಿತ್ತು.
"ತೂತು ದೊಡ್ಡದು ಮಾಡತಿ. ಉಸರಿಲೆ ಊದು."
ಊದಿದೆ. ಅವತ್ತಿನ ಪುಂಡಿಪಲ್ಯ ಪೂರಾ ಪೆಟ್ರೋಲ.

ಕಡೀಕ ಬುಡ್ಡಿ.
ಪಿತ್ತಾಳಿದು, ಎರಡು ಹೋಳು ಕೂಡಿಸಿ ಬೆಸದದ್ದು.
ಅದರ ಕೆಲಸ ಒಂದ:
ಪೆಟ್ರೋಲು ಏರಿದಂಗ ತಾನೂ ಏರಬೇಕು,
ಏರಿ, ಮ್ಯಾಲಿನ ಸೂಜಿ ಒತ್ತಿ,
ಸಾಕು ಅನ್ನಬೇಕು.
ಉಸ್ತಾದ ಅದನ್ನ ಕಿವೀ ಹತ್ರ ಹಿಡಿದು ಅಲುಗಿಸಿದ.
ಮತ್ತ ಅಲುಗಿಸಿದ. ಮಾರಿ ಸಣ್ಣದಾತು.
ಬಾಯಾರ ಕಡೆ ಬೆನ್ನು ಮಾಡಿ
ನನ್ನ ಕಿವಿಗೆ ಹಿಡಿದ.

ಮುಚ್ಚಿದ ಖೋಲ್ಯಾಗ ಯಾರೋ
ಬರಿಗಾಲಿಲೆ ಅಡ್ಡಾಡಿದಂಗ, ಒಳಗ ಹನಿ.
ಹೂಂ ಅಂತ ಕಣ್ಣು ಮಾಡಿದೆ.

ಚಾದಂಗಡ್ಯಾಗಿಂದ ಕುದಿನೀರು ತಂದೆ, ಸ್ಟೀಲ್ ಲೋಟದಾಗ.
ಬುಡ್ಡಿ ಮುಳುಗಿಸಿ ಹಿಡಿದ.
ಬೆಸಿಗಿಯ ಗೆರಿಯಿಂದ ಸಾಸವಿಯಷ್ಟು ಗುಳ್ಳಿ,
ಮತ್ತೊಂದು.
ಬಾಯಾರು ಬಗ್ಗಿ ನೋಡಿ "ಮುಳುಗಡೆ" ಅಂದರು.
ಯಾರೂ ನಗಲಿಲ್ಲ.
ನಮ್ಮೂರಾಗ ಆ ಶಬ್ದಕ್ಕ ಆಫೀಸು ಐತಿ, ಶಿಕ್ಕಾ ಐತಿ.
ಉಸ್ತಾದನ ಮೊದಲಿನ ಶೆಡ್ಡು ಹಿನ್ನೀರಾಗ.
ನೀರು ಇಳಿದ ಬ್ಯಾಸಗ್ಯಾಗ
ಗಾಡಿ ನಿಂದರಸತಿದ್ದ ಕುಣಿಯ ಕಲ್ಲು ಕಾಣತಾವ.

ಒಳಗಿನದ್ದು ಹಾರೂತನ ಎರಡು ದಿನ ಬಿಸಲಿಗೆ ಇಟ್ಟು
ಪತ್ತಾರ ಮೌನೇಶಪ್ಪನ ಕಡೆ ಒಯ್ದೆ.
ಮೂಗುತಿ ಬೆಸದಂಗ ಬೆಸದ,
ತಕ್ಕಡ್ಯಾಗ ಇಟ್ಟ. ಒಂದು ಗುಂಜಿ ಹೆಚ್ಚಾಗಿತ್ತು.
ಉಸ್ತಾದ ಅಂಗೈಯಾಗ ತೂಗಿ ಅದನ್ನ ಅಂದ,
ಕಾನಸಿಲೆ ಕೆರದ.

ಇಂಜಿನ್ನು ಕಾದು ಚುರುಗುಟ್ಟೂತನ ಬಿಟ್ಟು
ಒಂದ ಕೈ ಮಡಗಾರ್ಡಿನ ಮ್ಯಾಲ, ಒಂದು ಸ್ಕ್ರೂವಿನ ಮ್ಯಾಲ,
ಕಣ್ಣು ನನ್ನ ಮಾರಿ ಮ್ಯಾಲ.
ಎಡಕ್ಕ ಕಾಲು ಸುತ್ತು. ನನ್ನ ಹುಬ್ಬು ಗಂಟಾತು.
ಬಲಕ್ಕ ತಿರುವಿದ. ಇನ್ನೊಂದೀಟು.
ನಾನು ಹುಬ್ಬು ಬಿಟ್ಟೆ. ಅಂವ ಸ್ಕ್ರೂ ಬಿಟ್ಟ.

ಬಾಯಾರು ಸೇತುವಿ ತನಕ ಹೋಗಿ ಬಂದರು,
ಇಂಜಿನ್ನು ಬಂದ್ ಮಾಡದ ಇಳದರು.
ಉಸ್ತಾದಗ ನೂರಾ ಐವತ್ತು ಎಣಿಸಿದರು.
ನನ್ನ ಕಿಸೆದಾಗ ಹತ್ತರ ನೋಟು ತುರುಕಿ ಅಂದರು,
"ಇದು ಕಿವೀದು."

ಉಸ್ತಾದಗ ಕೇಳಸಲಿಲ್ಲ.
ಕೇಳಸಿತೋ ಏನೋ.
ಹದಿಮೂರರ ಪಾನಾ ಅಂದ.
ಕೊಟ್ಟೆ.